ಗ್ಲೂಕೋಸ್ ಸೆನ್ಸರ್ ಯಾವ ಮಾದರಿಯದು? ಪೆಟ್ಟಿಗೆ ತೆರೆಯುವ ಮೊದಲು ಓದಿ ತಿಳಿಯುವ ಕ್ರಮ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಚನ್ನಗಿರಿ ಕಡೆಯ ಹಿರಿಯ ದಂಪತಿ ದಾವಣಗೆರೆಯ ನಮ್ಮ ಔಷಧ ಅಂಗಡಿಗೆ ಬಂದು, ಬಟ್ಟೆಚೀಲದಿಂದ ಗ್ಲೂಕೋಸ್ ಸೆನ್ಸರ್‌ನ, ಅಂದರೆ ತೋಳಿಗೆ ಅಂಟಿಸಿಕೊಂಡರೆ ದೇಹದ ಸಕ್ಕರೆಯ ಅಂಕಿಯನ್ನು ತೋರಿಸುವ ಬಿಲ್ಲೆಯ, ಎರಡು ಪೆಟ್ಟಿಗೆಗಳನ್ನು ತೆಗೆದು ಕೌಂಟರ್ ಮೇಲಿಟ್ಟರು. ಎರಡರ ಮೇಲೂ ಒಂದೇ ಕಂಪನಿಯ ಹೆಸರಿತ್ತು. ಒಂದನ್ನು ಬೆಂಗಳೂರಿನಲ್ಲಿರುವ ಮಗಳು ಕಳುಹಿಸಿದ್ದರು, ಇನ್ನೊಂದನ್ನು ಲಂಡನ್ನಿನಿಂದ ರಜೆಗೆ ಬಂದ ಮಗ ತಂದುಕೊಟ್ಟಿದ್ದರು. ಯಜಮಾನರು ಎರಡನ್ನೂ ಒಟ್ಟಿಗೆ ಬಿಚ್ಚಿ, ಒಂದರ ಸೆನ್ಸರ್ ಇರುವ ಬಟ್ಟಲನ್ನು ಮತ್ತೊಂದರ ಅಂಟಿಸುವ ಸಾಧನಕ್ಕೆ ಸೇರಿಸಿ ತೋಳಿಗೆ ಒತ್ತಿಕೊಂಡಿದ್ದರು. ಫೋನು ಅದನ್ನು ಒಪ್ಪಿಕೊಂಡಿರಲಿಲ್ಲ. "ಹೆಸ್ರು ಒಂದೇ ಐತಲ್ಲಪ್ಪ, ಎರಡೂ ಒಂದೇ ಅಲ್ವೇನು?" ಎಂದು ಅವರು ಕೇಳಿದಾಗ, ಉಳಿದ ಬಟ್ಟಲಿನ ಮುಚ್ಚಳದ ಮೇಲಿನ ಸಂಕೇತವನ್ನೂ ಉಳಿದ ಸಾಧನದ ಚೀಟಿಯ ಮೇಲಿನ ಸಂಕೇತವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಎರಡೂ ಬೇರೆ ಬೇರೆಯಾಗಿದ್ದವು. ಸಾವಿರಾರು ರೂಪಾಯಿ ಬೆಲೆಯ ಎರಡು ಸೆನ್ಸರ್‌ಗಳು ಒಂದೇ ದಿನ ವ್ಯರ್ಥವಾಗಿದ್ದವು.

ಅಂದಿನಿಂದ ಸೆನ್ಸರ್ ಕೊಳ್ಳುವ ಪ್ರತಿಯೊಬ್ಬರಿಗೂ ಪೆಟ್ಟಿಗೆಯನ್ನು ಓದುವ ಕ್ರಮವನ್ನು ಹೇಳಿಕೊಡುತ್ತಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಪೆಟ್ಟಿಗೆಯ ಬಣ್ಣವಾಗಲಿ, ಮುಂಭಾಗದ ದೊಡ್ಡ ಹೆಸರಾಗಲಿ ಮಾದರಿಯನ್ನು ಹೇಳುವುದಿಲ್ಲ. ಮಾದರಿ ತಿಳಿಯುವುದು ಹೆಸರಿನ ಬಾಲದಲ್ಲಿರುವ ಸಣ್ಣ ಅಂಕಿಯಿಂದ, ಬದಿಯ ಚೀಟಿಯ ಸಂಖ್ಯೆಗಳಿಂದ ಮತ್ತು ಒಳಗಿರುವ ಭಾಗಗಳ ಎಣಿಕೆಯಿಂದ.

ಮೊದಲು ಮಾಡಬೇಕಾದದ್ದು: ತೆರೆಯದಿರುವುದು

ಪೆಟ್ಟಿಗೆ ಕೈಗೆ ಬಂದೊಡನೆ ಅದರ ಮುದ್ರೆ ಒಡೆಯಬೇಡಿ. ಒಳ್ಳೆಯ ಬೆಳಕಿನಲ್ಲಿ ಮೇಜಿನ ಮೇಲಿಟ್ಟು, ಆರೂ ಬದಿಗಳ ಫೋಟೊಗಳನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಚೀಟಿಯ ಅಕ್ಷರಗಳು ಸಾಸಿವೆ ಕಾಳಿಗಿಂತ ಚಿಕ್ಕದಾಗಿರುವುದರಿಂದ ಕನ್ನಡಕ ಹಾಕಿಕೊಂಡವರಿಗೂ ನೇರವಾಗಿ ಓದುವುದು ಕಷ್ಟ. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿದರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಮುದ್ರೆ ಒಡೆಯದ ಪೆಟ್ಟಿಗೆಯನ್ನು ಬದಲಾಯಿಸಿಕೊಡಿ ಎಂದು ಕೇಳಲು ದಾರಿಯಿರುತ್ತದೆ, ತೆರೆದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಹೆಸರನ್ನು ಕೊನೆಯವರೆಗೆ ಓದುವುದು

ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಕುಟುಂಬ, ಗೊಂದಲ ಹೆಚ್ಚಾಗಿರುವುದೂ ಅಲ್ಲಿಯೇ. ಲಿಬ್ರೆ ಎಂಬ ಪದದ ಮುಂದೆ ಏನೂ ಇಲ್ಲದಿದ್ದರೆ ಅದು 2014ರಲ್ಲಿ ಯುರೋಪಿನಲ್ಲಿ ಮೊದಲು ಬಂದ ಮೂಲ ಮಾದರಿ. ಅದರಲ್ಲಿ ಫೋನನ್ನೋ ರೀಡರನ್ನೋ (ಅಂಕಿ ತೋರಿಸುವ ಕೈಯಂತ್ರ) ಸೆನ್ಸರ್ ಹತ್ತಿರ ಹಿಡಿದಾಗ ಮಾತ್ರ ಅಂಕಿ ಕಾಣುತ್ತದೆ, ಮತ್ತು ಸೆನ್ಸರ್ ತನ್ನೊಳಗೆ ಹಿಂದಿನ 8 ಗಂಟೆಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ. ಮುಂದೆ 2 ಎಂದಿದ್ದರೆ ಸಕ್ಕರೆ ಇಳಿದಾಗ ಅಥವಾ ಏರಿದಾಗ ಎಚ್ಚರಿಸುವ ಸೌಲಭ್ಯವಿರುವ ಮಾದರಿ. 3 ಎಂದಿದ್ದರೆ ಗಾತ್ರದಲ್ಲಿ ಬಹಳ ಚಿಕ್ಕದು. ಲಿಬ್ರೆ 2ರ ಬಿಲ್ಲೆ 35 ಮಿಲಿಮೀಟರ್ ಅಗಲವಿದ್ದರೆ ಲಿಬ್ರೆ 3ರದು 21 ಮಿಲಿಮೀಟರ್ ಮಾತ್ರ, ಮತ್ತು ಅದು ನಿಮಿಷ ನಿಮಿಷದ ಅಂಕಿಯನ್ನು ತಾನಾಗಿಯೇ ಫೋನಿಗೆ ಕಳುಹಿಸುತ್ತದೆ.

ಅಂಕಿಯ ಮುಂದೆ ಪ್ಲಸ್ ಎಂಬ ಪದ ಇದೆಯೇ ಎಂಬುದನ್ನೂ ತಪ್ಪದೆ ನೋಡಬೇಕು. ಲಿಬ್ರೆ, ಲಿಬ್ರೆ 2 ಮತ್ತು ಲಿಬ್ರೆ 3 ಹದಿನಾಲ್ಕು ದಿನ ಕೆಲಸ ಮಾಡುತ್ತವೆ. 2 ಪ್ಲಸ್ ಮತ್ತು 3 ಪ್ಲಸ್ ಹದಿನೈದು ದಿನ. ಒಂದು ದಿನದ ಅಂತರವೇನು ದೊಡ್ಡದು ಎನಿಸಬಹುದು. ಆದರೆ ಮುಂದಿನ ಸೆನ್ಸರ್ ಯಾವ ದಿನಕ್ಕೆ ತರಿಸಬೇಕೆಂಬ ಲೆಕ್ಕ ಅದರ ಮೇಲೆ ನಿಂತಿದೆ, ಮತ್ತು ಮುಂದೆ ಹೇಳುವಂತೆ ಮಾತ್ರೆಗಳ ವಿಚಾರದಲ್ಲಿಯೂ ಪ್ಲಸ್ ಮಾದರಿಗಳು ಬೇರೆಯೇ ಆಗಿವೆ.

ಲಿಬ್ರೆ ಪ್ರೊ ಎಂಬ ಇನ್ನೊಂದು ಮಾದರಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಇದು ವೈದ್ಯರ ಬಳಕೆಗೆ ಮಾಡಿದ್ದು. ರೋಗಿ ಅದನ್ನು ತೋಳಿಗೆ ಅಂಟಿಸಿಕೊಂಡು ಎರಡು ವಾರ ಓಡಾಡಿ ಬಂದ ಮೇಲೆ ಕ್ಲಿನಿಕ್ಕಿನಲ್ಲಿರುವ ಪ್ರೊ ರೀಡರ್ ಅದರ ಲೆಕ್ಕವನ್ನು ತೆಗೆಯುತ್ತದೆ. ಮನೆಯಲ್ಲಿ ದಿನವೂ ಅಂಕಿ ನೋಡುವ ಉದ್ದೇಶದಿಂದ ಇದನ್ನು ಕೊಂಡವರು ನಿರಾಶರಾಗುತ್ತಾರೆ. ಬೆಲೆ ಕಡಿಮೆಯೆಂದು ಯಾರಾದರೂ ಕೊಡಲು ಬಂದರೆ ಈ ಒಂದು ಪದವನ್ನು ಮೊದಲು ಹುಡುಕಿ.

ಅಮೆರಿಕದಿಂದ ನೆಂಟರು ತಂದುಕೊಡುವ ಪೆಟ್ಟಿಗೆಗಳಲ್ಲಿ ಡೆಕ್ಸ್‌ಕಾಮ್ ಹೆಸರಿನವೂ ಇರುತ್ತವೆ. ಇಲ್ಲಿ ಜಿ6 ಮತ್ತು ಜಿ7 ಎಂಬ ಎರಡು ಮಾದರಿಗಳ ವ್ಯತ್ಯಾಸ ತಿಳಿದಿರಬೇಕು. ಜಿ6ರಲ್ಲಿ ಸೆನ್ಸರ್ ಬೇರೆ, ಸಂಕೇತ ಕಳುಹಿಸುವ ಟ್ರಾನ್ಸ್‌ಮಿಟರ್ ಬೇರೆ. ಟ್ರಾನ್ಸ್‌ಮಿಟರ್ ಪ್ರತ್ಯೇಕ ಪೆಟ್ಟಿಗೆಯಲ್ಲಿ ಬರುತ್ತದೆ ಮತ್ತು ಸುಮಾರು 3 ತಿಂಗಳು ಬಾಳುತ್ತದೆ. ಅದಿಲ್ಲದೆ ಸೆನ್ಸರ್ ಮಾತ್ರ ತಂದರೆ ಏನೂ ಉಪಯೋಗವಿಲ್ಲ. ಜಿ7ರಲ್ಲಿ ಎರಡೂ ಸೇರಿಕೊಂಡೇ ಇವೆ. ಅಂಟಿಸಿದ ಮೇಲೆ ಮೊದಲ ಅಂಕಿ ಬರಲು ಜಿ6ಕ್ಕೆ 2 ಗಂಟೆ, ಸಾಮಾನ್ಯ ಜಿ7ಕ್ಕೆ ಅರ್ಧ ಗಂಟೆ, ಲಿಬ್ರೆ ಕುಟುಂಬಕ್ಕೆ 1 ಗಂಟೆ ಬೇಕು. ಡೆಕ್ಸ್‌ಕಾಮ್ ಸಾಮಾನ್ಯ ಮಾದರಿಗಳ ಅವಧಿ 10 ದಿನ. ಜಿ7ರಲ್ಲಿ ಹದಿನೈದು ದಿನದ ಮಾದರಿಯೂ ಇದ್ದು, ಅದರ ಹೆಸರಿನೊಡನೆ 15 ಎಂಬ ಅಂಕಿ ಮುದ್ರಿತವಾಗಿರುತ್ತದೆ.

ಇನ್ಸುಲಿನ್ ಪಂಪ್ ಬಳಸುವ ಮಕ್ಕಳ ಪೋಷಕರ ಕೈಯಲ್ಲಿ ಮೆಡ್‌ಟ್ರಾನಿಕ್ ಕಂಪನಿಯ ಗಾರ್ಡಿಯನ್ ಸೆನ್ಸರ್‌ಗಳಿರುತ್ತವೆ. ಒಂದು ಪೆಟ್ಟಿಗೆಯಲ್ಲಿ 5 ಸೆನ್ಸರ್‌ಗಳಿದ್ದು, ಒಂದೊಂದು 7 ದಿನಕ್ಕೆ ಬರುತ್ತದೆ. ಗಾರ್ಡಿಯನ್ 3 ಮತ್ತು ಗಾರ್ಡಿಯನ್ 4 ಬಿಚ್ಚಿಟ್ಟಾಗ ಅವಳಿಗಳಂತೆ ಕಾಣುತ್ತವೆ. ಚೀಟಿಯ ಮೇಲೆ ಎಂಎಂಟಿ-7020 ಎಂದಿದ್ದರೆ ಅದು 3, ಎಂಎಂಟಿ-7040 ಎಂದಿದ್ದರೆ 4. ಮೊದಲನೆಯದಕ್ಕೆ ದಿನವೂ ಬೆರಳಿನ ರಕ್ತದಿಂದ ಪರೀಕ್ಷಿಸಿ ಅಂಕಿ ಹೊಂದಿಸಬೇಕು, ಎರಡನೆಯದಕ್ಕೆ ಆ ಕಟ್ಟುಪಾಡಿಲ್ಲ. ಟ್ರಾನ್ಸ್‌ಮಿಟರ್ ಕೂಡ ಸೆನ್ಸರ್‌ನ ಮಾದರಿಗೆ ಹೊಂದುವಂಥದ್ದೇ ಆಗಿರಬೇಕು.

ಇನ್ನೊಂದು ಮಾತು. ಫ್ರೀಸ್ಟೈಲ್ ಎಂಬ ಹೆಸರು ಸೆನ್ಸರ್‌ಗೆ ಮಾತ್ರ ಮೀಸಲಲ್ಲ. ಬೆರಳು ಚುಚ್ಚಿ ನೋಡುವ ಅದೇ ಕಂಪನಿಯ ಸ್ಟ್ರಿಪ್‌ಗಳಿಗೂ ಆ ಹೆಸರಿದೆ. ಅಕ್ಯು-ಚೆಕ್ ಎಂಬುದು ನಮ್ಮ ಜನಕ್ಕೆ ಸ್ಟ್ರಿಪ್‌ನ ಹೆಸರಾಗಿಯೇ ಪರಿಚಿತ, ಆದರೆ ಅಕ್ಯು-ಚೆಕ್ ಸ್ಮಾರ್ಟ್‌ಗೈಡ್ ಎಂಬುದು ಹದಿನಾಲ್ಕು ದಿನದ ಸೆನ್ಸರ್. ಊರಿಂದ ಫೋನು ಮಾಡಿ ಬರೀ ಬ್ರಾಂಡಿನ ಹೆಸರು ಹೇಳಿ ತರಿಸಿಕೊಂಡಾಗ ಒಂದರ ಬದಲು ಇನ್ನೊಂದು ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೆನ್ಸರ್, ಸ್ಟ್ರಿಪ್, ರೀಡರ್ ಈ ಮೂರರಲ್ಲಿ ಯಾವುದು ಬೇಕೆಂದು ಮೊದಲು ಹೇಳಿ, ಆಮೇಲೆ ಬ್ರಾಂಡ್ ಹೇಳುವುದು ಸುರಕ್ಷಿತ.

ಬದಿಯ ಚೀಟಿಯನ್ನು ಓದುವುದು

ಇದು ಈ ಕೆಲಸದ ಮುಖ್ಯ ಭಾಗ. ಯಾವ ದೇಶದ, ಯಾವ ಭಾಷೆಯ ಪೆಟ್ಟಿಗೆಯಾದರೂ ಅದರ ಮೇಲಿನ ಚಿಹ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ, ಏಕೆಂದರೆ ವೈದ್ಯಕೀಯ ಉಪಕರಣಗಳ ಚಿಹ್ನೆಗಳಿಗೆ ಐಎಸ್‌ಒ 15223 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆದ್ದರಿಂದ ಅರಬ್ಬಿಯಲ್ಲೋ ಜರ್ಮನ್ನಿನಲ್ಲೋ ಮುದ್ರಿತವಾದ ಪೆಟ್ಟಿಗೆಯನ್ನೂ ಚಿಹ್ನೆ ಗೊತ್ತಿದ್ದವರು ಓದಬಹುದು.

ಚೌಕದೊಳಗೆ ಆರ್, ಇ, ಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುವ ಜಾಗವನ್ನು ಹುಡುಕಿ. ಅದರ ಪಕ್ಕದಲ್ಲಿರುವುದೇ ಕಂಪನಿಯ ಮಾದರಿ ಸಂಖ್ಯೆ. ಎರಡು ಪೆಟ್ಟಿಗೆಗಳು ನೋಡಲು ಒಂದೇ ರೀತಿಯಿದ್ದರೂ ಈ ಸಂಖ್ಯೆ ಬೇರೆಯಾಗಿದ್ದರೆ ಅವು ಬೇರೆ ಮಾದರಿಯವು, ಇಲ್ಲವೇ ಬೇರೆ ದೇಶದ ಮಾರುಕಟ್ಟೆಗೆ ಮಾಡಿದವು, ಇಲ್ಲವೇ ಒಳಗಿನ ಎಣಿಕೆ ಬೇರೆಯಿರುವಂಥವು ಎಂದು ತಿಳಿಯಬೇಕು. ಎಲ್, ಒ, ಟಿ ಎಂಬ ಅಕ್ಷರಗಳ ಪಕ್ಕದಲ್ಲಿ ಬ್ಯಾಚ್ ಸಂಖ್ಯೆಯೂ, ಎಸ್, ಎನ್ ಅಕ್ಷರಗಳ ಪಕ್ಕದಲ್ಲಿ ಆ ಒಂದು ಸೆನ್ಸರ್‌ಗೆ ಮಾತ್ರ ಸೇರಿದ ಕ್ರಮಸಂಖ್ಯೆಯೂ ಇರುತ್ತವೆ. ಮರಳು ಗಡಿಯಾರದ ಚಿತ್ರವಿದ್ದಲ್ಲಿ ಬಳಕೆಯ ಕೊನೆಯ ದಿನಾಂಕವಿರುತ್ತದೆ. ಅದನ್ನು ಸಾಮಾನ್ಯವಾಗಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಮುದ್ರಿಸುತ್ತಾರೆ. ಕಾರ್ಖಾನೆಯ ಚಿತ್ರ ತಯಾರಕರನ್ನು ಸೂಚಿಸುತ್ತದೆ. 2 ಎಂಬ ಅಂಕಿಗೆ ಅಡ್ಡಗೆರೆ ಎಳೆದಿದ್ದರೆ ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು ಎಂದರ್ಥ.

ಇವುಗಳಿಗಿಂತಲೂ ಖಚಿತವಾದ ಗುರುತು ಚುಕ್ಕಿಗಳಿಂದ ತುಂಬಿದ ಪುಟ್ಟ ಚೌಕದ ಪಕ್ಕದಲ್ಲಿರುವ ಅಂಕಿಗಳ ಸಾಲು. ಅಲ್ಲಿ ಕಂಸದೊಳಗೆ 01, 17, 10, 21 ಎಂಬ ಅಂಕಿಗಳು ಕಾಣುತ್ತವೆ. (01) ಆದಮೇಲೆ ಬರುವ 14 ಅಂಕಿಗಳು ಆ ಉತ್ಪನ್ನದ ಜಾಗತಿಕ ಸಂಖ್ಯೆ. ಮಾದರಿ ಬದಲಾದರೆ ಇದು ಬದಲಾಗಲೇಬೇಕು. (17) ಆದಮೇಲೆ ಕೊನೆಯ ದಿನಾಂಕವಿರುತ್ತದೆ. ಉದಾಹರಣೆಗೆ 270331 ಎಂದಿದ್ದರೆ 2027ರ ಮಾರ್ಚ್ 31. (10) ಬ್ಯಾಚ್ ಸಂಖ್ಯೆಯನ್ನೂ, (21) ಕ್ರಮಸಂಖ್ಯೆಯನ್ನೂ ಹೇಳುತ್ತದೆ. ಮೇಲೆ ದೊಡ್ಡದಾಗಿ ಅಚ್ಚಾದ ದಿನಾಂಕಕ್ಕೂ ಈ ಸಾಲಿನ ದಿನಾಂಕಕ್ಕೂ ತಾಳೆಯಾಗದಿದ್ದರೆ, ಅಥವಾ ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿ ದಿನಾಂಕವನ್ನು ಮುಚ್ಚಿದ್ದರೆ, ಆ ಪೆಟ್ಟಿಗೆಯನ್ನು ಕೊಳ್ಳಬೇಡಿ. ಬಾರ್‌ಕೋಡ್ 890ರಿಂದ ಆರಂಭವಾದರೆ ಅದು ಭಾರತದಲ್ಲಿ ತಯಾರಾದದ್ದು ಎಂಬ ನಂಬಿಕೆ ವ್ಯಾಪಾರಿಗಳಲ್ಲಿಯೂ ಇದೆ. ಅದು ಸರಿಯಲ್ಲ, ಆ ಸಂಖ್ಯೆಯನ್ನು ಭಾರತದ ಸಂಸ್ಥೆ ನೋಂದಾಯಿಸಿಕೊಟ್ಟಿದೆ ಎಂದಷ್ಟೇ ಅದರ ಅರ್ಥ.

ಯಾವ ದೇಶಕ್ಕೆ ಮಾಡಿದ್ದು ಎಂದು ತಿಳಿಯುವುದು

ಭಾರತದಲ್ಲಿ 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಉಪಕರಣಗಳ ನಿಯಮಗಳು, 2017ರ ಪ್ರಕಾರ, ಇಲ್ಲಿ ಮಾರಾಟವಾಗುವ ಆಮದು ಉಪಕರಣದ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಆಮದು ಪರವಾನಗಿ ಸಂಖ್ಯೆ ಇರಬೇಕು. ಆ ಪರವಾನಗಿ ಸಂಖ್ಯೆ ಐಎಂಪಿ/ಎಂಡಿ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಜತೆಗೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ರೂಪಾಯಿಯಲ್ಲಿ ಇರುತ್ತದೆ. ಇವು ಸಾಮಾನ್ಯವಾಗಿ ಹಿಂಬದಿಯ ಬಿಳಿ ಚೀಟಿಯಲ್ಲಿರುತ್ತವೆ. ಅಂಗಡಿಯಲ್ಲಿ ಮಾರುವ ಪೆಟ್ಟಿಗೆಯಲ್ಲಿ ಈ ಚೀಟಿಯೇ ಇಲ್ಲದಿದ್ದರೆ ಅದು ಹೇಗೆ ಬಂತೆಂದು ಕೇಳುವ ಹಕ್ಕು ನಿಮಗಿದೆ. ಬಿಲ್ಲನ್ನೂ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಮಕ್ಕಳು ವಿದೇಶದಿಂದ ತಂದುಕೊಟ್ಟ ಪೆಟ್ಟಿಗೆಯಲ್ಲಿ ಈ ಚೀಟಿ ಇರುವುದಿಲ್ಲ, ಅದು ಸಹಜ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಸೆನ್ಸರ್‌ಗಳನ್ನು ಅನೇಕ ವೇಳೆ ದೇಶವಾರು ಹಂಚಿ ಮಾಡಿರುತ್ತಾರೆ. ಅಮೆರಿಕದ ಸೆನ್ಸರನ್ನು ಇಲ್ಲಿಯ ಖಾತೆಯಿರುವ ಆ್ಯಪ್ ಗುರುತಿಸದೆ ಹೋಗಬಹುದು. ಆದ್ದರಿಂದ ವಿದೇಶದಲ್ಲಿರುವ ಮಕ್ಕಳಿಗೆ ನನ್ನ ವಿನಂತಿ ಇಷ್ಟೇ: ಅಪ್ಪ ಅಮ್ಮನಿಗೆ ಆರು ತಿಂಗಳಿಗಾಗುವಷ್ಟು ಸೆನ್ಸರ್ ಒಮ್ಮೆಲೇ ತರುವ ಬದಲು, ಅವರು ಈಗ ಬಳಸುತ್ತಿರುವ ಪೆಟ್ಟಿಗೆಯ ಮಾದರಿ ಸಂಖ್ಯೆಯ ಫೋಟೊ ತರಿಸಿಕೊಂಡು ಹೋಲಿಸಿ ನೋಡಿ. ಸಂಖ್ಯೆ ಬೇರೆಯಾಗಿದ್ದರೆ ಒಂದನ್ನು ಮಾತ್ರ ತಂದು ಪರೀಕ್ಷಿಸಿ.

ರೀಡರ್ ತರುವವರು ಅದರ ಪೆಟ್ಟಿಗೆಯ ಮೇಲಿನ ಅಳತೆಯ ಏಕಮಾನವನ್ನು ನೋಡಲೇಬೇಕು. ನಮ್ಮಲ್ಲಿ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತೇವೆ. ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎನ್ನುತ್ತಾರೆ. ಅಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. ಅಂದರೆ ಅಲ್ಲಿಯ 10 ನಮ್ಮ 180. ರೀಡರಿನ ಪರದೆಯಲ್ಲಿ 10 ಎಂದು ಕಂಡು ಸಕ್ಕರೆ ತೀರಾ ಇಳಿದಿದೆಯೆಂದು ಗಾಬರಿಯಿಂದ ಬೆಲ್ಲ ತಿಂದರೆ ಆಗುವ ತೊಂದರೆಯನ್ನು ಊಹಿಸಿಕೊಳ್ಳಿ.

ಉಷ್ಣತೆಯ ಮಿತಿ

ಥರ್ಮಾಮೀಟರ್ ಚಿತ್ರದ ಎರಡು ತುದಿಗಳಲ್ಲಿ ಎರಡು ಅಂಕಿಗಳಿರುತ್ತವೆ. ಸೆನ್ಸರನ್ನು ಆ ಎರಡರ ನಡುವಿನ ಉಷ್ಣತೆಯಲ್ಲಿಯೇ ಇಡಬೇಕು. ಮಾದರಿಗೆ ತಕ್ಕಂತೆ ಮೇಲಿನ ಮಿತಿ 25, 28 ಅಥವಾ 30 ಡಿಗ್ರಿ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆ, ಜಗಳೂರು, ಚಳ್ಳಕೆರೆ ಕಡೆ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವಾಗ, ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆ ನಿಲ್ದಾಣದ ತಗಡಿನ ಕೆಳಗೆ ಅರ್ಧ ದಿನ ಕಾದರೆ ಮಿತಿ ಮೀರಿದಂತೆಯೇ. ಬೇಸಿಗೆಯಲ್ಲಿ ಬೆಳಗಿನ ಬಸ್ಸಿಗೆ ಹಾಕಿಸಿ, ಬಂದ ಕೂಡಲೇ ಬಿಡಿಸಿಕೊಳ್ಳಿ. ಮನೆಯಲ್ಲಿ ಹಂಚಿನ ಅಥವಾ ಶೀಟಿನ ಮಾಡಿದ್ದರೆ, ಚೀಟಿಯ ಕೆಳಗಿನ ಮಿತಿಯನ್ನು ನೋಡಿಕೊಂಡು ಫ್ರಿಜ್ಜಿನ ಬಾಗಿಲ ಅಂಕಣದಲ್ಲಿ ಇಡಬಹುದು. ಮಂಜುಗಡ್ಡೆಯ ಖಾನೆಯಲ್ಲಿ ಮಾತ್ರ ಎಂದಿಗೂ ಇಡಬಾರದು.

ತೆರೆಯುವ ಮೊದಲು ಫೋನನ್ನು ಪರೀಕ್ಷಿಸುವುದು

ಲಿಬ್ರೆ ಸೆನ್ಸರ್‌ಗಳನ್ನು ಫೋನಿನಿಂದ ಆರಂಭಿಸಲು, ಹತ್ತಿರ ಹಿಡಿದ ವಸ್ತುವಿನೊಡನೆ ಫೋನು ಸಂಪರ್ಕಿಸುವ ಎನ್ಎಫ್‌ಸಿ ಎಂಬ ಸೌಲಭ್ಯ ಬೇಕು. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಅದಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ ಎನ್ಎಫ್‌ಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಏನೂ ಬರದಿದ್ದರೆ ಆ ಫೋನಿನಿಂದ ಕೆಲಸವಾಗುವುದಿಲ್ಲ. ಡೆಕ್ಸ್‌ಕಾಮ್ ಜಿ7 ಬ್ಲೂಟೂತ್ ಮೂಲಕ ಜೋಡಣೆಯಾಗುತ್ತದೆ. ಪೆಟ್ಟಿಗೆ ತೆರೆದ ಮೇಲೆ ಒಳಗಿನ ಕರಪತ್ರದಲ್ಲಿರುವ ಆ್ಯಪ್‌ನ ಹೆಸರನ್ನೇ ನೋಡಿ ಹಾಕಿಕೊಳ್ಳಬೇಕು, ಅದೇ ಕಂಪನಿಯ ಇನ್ನೊಂದು ಆ್ಯಪ್ ಇನ್ನೊಂದು ಮಾದರಿಗೆ ಸೇರಿದ್ದಾಗಿರಬಹುದು. ರೀಡರ್‌ಗಳ ವಿಷಯದಲ್ಲಿಯೂ ಹಾಗೆಯೇ, ಲಿಬ್ರೆ 3 ಸೆನ್ಸರ್‌ಗೆ ಲಿಬ್ರೆ 2ರ ರೀಡರ್ ಆಗದು.

ತೆರೆದ ಮೇಲೆ ಭಾಗಗಳನ್ನು ಎಣಿಸುವುದು

ಲಿಬ್ರೆ ಮತ್ತು ಲಿಬ್ರೆ 2ರ ಪೆಟ್ಟಿಗೆಯಲ್ಲಿ ಮುಖ್ಯ ಭಾಗಗಳು ಎರಡು: ತೆಳುಮುಚ್ಚಳವಿರುವ ಬಟ್ಟಲು ಮತ್ತು ತಿರುಪು ಮುಚ್ಚಳದ ಅಂಟಿಸುವ ಸಾಧನ. ಎರಡರ ಮೇಲೂ ಒಂದೊಂದು ಸಂಕೇತ ಮುದ್ರಿತವಾಗಿರುತ್ತದೆ, ಅವೆರಡೂ ಅಕ್ಷರಶಃ ಒಂದೇ ಆಗಿರಬೇಕು. ತೆಳುಮುಚ್ಚಳವನ್ನು ಸುಲಿಯುವುದಕ್ಕೆ ಮೊದಲೇ ಇದನ್ನು ಗಟ್ಟಿಯಾಗಿ ಓದಿ ಹೋಲಿಸಿ, ಸಾಧ್ಯವಾದರೆ ಒಬ್ಬರು ಓದಲಿ, ಇನ್ನೊಬ್ಬರು ನೋಡಲಿ. ಆಮೇಲೆ ಬಟ್ಟಲಿನ ಮೇಲಿನ ಕಪ್ಪು ಗುರುತನ್ನು ಸಾಧನದ ಕಪ್ಪು ಗುರುತಿಗೆ ಎದುರಾಗಿಸಿ, ಗಟ್ಟಿ ಜಾಗದ ಮೇಲಿಟ್ಟು ನಿಲ್ಲುವವರೆಗೆ ಒತ್ತಬೇಕು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆಯಿದ್ದರೆ ಒಬ್ಬರದನ್ನು ಪೂರ್ತಿ ಮುಗಿಸಿಯೇ ಇನ್ನೊಬ್ಬರ ಪೆಟ್ಟಿಗೆಯನ್ನು ಬಿಚ್ಚಬೇಕು. ಲಿಬ್ರೆ 3ರಲ್ಲಿ ಈ ಜೋಡಣೆಯೇ ಇಲ್ಲ, ಎಲ್ಲವೂ ಒಂದೇ ಸಾಧನದೊಳಗಿರುತ್ತದೆ. ಆದ್ದರಿಂದ ಲಿಬ್ರೆ 3 ಎಂದು ಕೊಂಡ ಪೆಟ್ಟಿಗೆಯಲ್ಲಿ ಎರಡು ಭಾಗ ಸಿಕ್ಕರೆ ಅಲ್ಲಿಯೇ ನಿಲ್ಲಿಸಿ, ಕೊಂಡ ಅಂಗಡಿಗೆ ಹಿಂತಿರುಗಿ.

ಡೆಕ್ಸ್‌ಕಾಮ್‌ನಲ್ಲಿ ನಾಲ್ಕು ಅಂಕಿಯ ಸಂಕೇತವೊಂದಿರುತ್ತದೆ. ಅದು ಅಂಟಿಸುವ ಸಾಧನದ ಮೇಲೆಯೇ ಇರುವುದರಿಂದ, ಅಂಟಿಸಿದ ಉತ್ಸಾಹದಲ್ಲಿ ಸಾಧನವನ್ನು ಕಸಕ್ಕೆ ಹಾಕಿದರೆ ಜೋಡಣೆಗೆ ಪರದಾಡಬೇಕಾಗುತ್ತದೆ. ಬಿಡಿಯಾಗಿ, ಹೊರಪೆಟ್ಟಿಗೆಯಿಲ್ಲದೆ ಮಾರುವ ಸೆನ್ಸರ್‌ಗಳನ್ನು ಯಾವ ಕಂಪನಿಯದಾದರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾದರಿಯನ್ನು ವೈದ್ಯರಿಗೆ ತಿಳಿಸುವುದು

"ಸೆನ್ಸರ್ ಹಾಕಿಕೊಂಡಿದ್ದೇನೆ" ಎಂದರೆ ಸಾಲದು, ಯಾವ ಮಾದರಿ ಎಂದು ಹೇಳಬೇಕು. ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ತೆಗೆದುಕೊಂಡರೆ ಲಿಬ್ರೆ 2 ಇಲ್ಲದ ಸಕ್ಕರೆಯನ್ನು ತೋರಿಸಬಹುದು. ಪ್ಲಸ್ ಮಾದರಿಗಳಲ್ಲಿ ಈ ಮಿತಿ 1000 ಮಿಲಿಗ್ರಾಂ. ಚೀಪುವ ವಿಟಮಿನ್ ಸಿ ಮಾತ್ರೆ ಸಾಮಾನ್ಯವಾಗಿ 500 ಮಿಲಿಗ್ರಾಂನದೇ ಆಗಿರುವುದರಿಂದ ನೆಗಡಿಗೆಂದು ದಿನಕ್ಕೆ ಎರಡು ಚೀಪಿದರೂ ಲಿಬ್ರೆ 2ರ ಲೆಕ್ಕ ತಪ್ಪಬಹುದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಗಾರ್ಡಿಯನ್ ಸೆನ್ಸರ್‌ನ ಅಂಕಿಯನ್ನು ಏರಿಸಿ ತೋರಿಸುತ್ತದೆ. ಡೆಕ್ಸ್‌ಕಾಮ್ ಜಿ6, ಜಿ7ರಲ್ಲಿ ದೊಡ್ಡವರು 6 ಗಂಟೆಗೊಮ್ಮೆ 1 ಗ್ರಾಂ ಮೀರದಂತೆ ತೆಗೆದುಕೊಂಡರೆ ಈ ತೊಂದರೆಯಿಲ್ಲ. ತಪ್ಪು ಏರಿಕೆಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ ದೊಡ್ಡದು. ಮೈಯ ಅನುಭವಕ್ಕೂ ಅಂಕಿಗೂ ಹೊಂದದಿದ್ದರೆ ಬೆರಳಿನ ರಕ್ತದ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಪೆಟ್ಟಿಗೆಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು

ಸೆನ್ಸರ್ ಮೈಮೇಲಿರುವಷ್ಟು ದಿನವೂ ಪೆಟ್ಟಿಗೆ ಮನೆಯಲ್ಲಿರಬೇಕು. ಅದು ಮಧ್ಯದಲ್ಲಿ ಕೈಕೊಟ್ಟರೆ ಕಂಪನಿಯ ಗ್ರಾಹಕ ಸೇವೆಯವರು ಮೊದಲು ಕೇಳುವುದು ಕ್ರಮಸಂಖ್ಯೆಯನ್ನು. 2025ರ ನವೆಂಬರ್‌ನಲ್ಲಿ ಅಬಾಟ್ ಕಂಪನಿ, ಅಮೆರಿಕದಲ್ಲಿ ಹಂಚಿಕೆಯಾದ ಲಿಬ್ರೆ 3 ಮತ್ತು 3 ಪ್ಲಸ್ ಸೆನ್ಸರ್‌ಗಳ ಪೈಕಿ ಸುಮಾರು 30 ಲಕ್ಷ ಸೆನ್ಸರ್‌ಗಳು ಸಕ್ಕರೆಯನ್ನು ತಪ್ಪಾಗಿ ಕಡಿಮೆ ತೋರಿಸಬಹುದೆಂದು ಪ್ರಕಟಿಸಿತು. ತಮ್ಮದು ಅವುಗಳಲ್ಲಿ ಸೇರಿದೆಯೇ ಎಂದು ತಿಳಿಯಲು ಬಳಕೆದಾರರಿಗೆ ಬೇಕಾದದ್ದು ಇದೇ ಕ್ರಮಸಂಖ್ಯೆ.

ಚನ್ನಗಿರಿಯ ಆ ಅಮ್ಮನವರು ಈಗ ಪೆಟ್ಟಿಗೆಯ ಚೀಟಿಯಿರುವ ಬದಿಯನ್ನು ಕತ್ತರಿಯಿಂದ ಕತ್ತರಿಸಿ, ಅಂಟಿಸಿದ ದಿನಾಂಕ, ತೆಗೆಯಬೇಕಾದ ದಿನಾಂಕ ಮತ್ತು ಯಾವ ತೋಳು ಎಂಬುದನ್ನು ಅದರ ಹಿಂಬದಿಯಲ್ಲಿ ಬರೆದು, ಗೋಡೆಯ ಕ್ಯಾಲೆಂಡರಿನ ಆ ತಿಂಗಳ ಹಾಳೆಗೆ ಪಿನ್ ಮಾಡುತ್ತಾರೆ. ಹೊಸ ಪೆಟ್ಟಿಗೆ ಕೊಳ್ಳಲು ಬರುವಾಗ ಆ ತುಂಡನ್ನು ಕೈಯಲ್ಲಿ ಹಿಡಿದು ಬಂದು, ನಾನು ಕೊಟ್ಟ ಪೆಟ್ಟಿಗೆಯ ಸಂಖ್ಯೆಯ ಪಕ್ಕದಲ್ಲಿಟ್ಟು ಬೆರಳಿನಿಂದ ಒಂದೊಂದೇ ಅಂಕಿಯನ್ನು ಮುಟ್ಟುತ್ತಾ ನೋಡಿ, ಆಮೇಲೆ ಹಣ ಕೊಡುತ್ತಾರೆ.